ಎಡಗೈ ರೆಮಿಂಗ್ಟನ್ 700 ರೈಫಲ್ ಇದೆ, ಬ್ಯಾರೆಲ್ ಹೋಗಿದೆ. ಆಕ್ಷನ್ (ಬ್ಯಾರೆಲ್ ಹಿಂದಿನ, ತೋಟಾ ತುಂಬುವ ಭಾಗ) ಉಳಿಸಿಕೊಳ್ಳಲಾ, ಹೊಸದು ತಗೊಳ್ಳಲಾ?

ಎಡಗೈ_ವಿರಾಜಪೇಟೆ | ಫೋರ್ಟ್ ಕಾಲಿನ್ಸ್, ಕೊಲರಾಡೊ | ಜನವರಿ

ಎಲ್ಲರಿಗೂ ನಮಸ್ಕಾರ. ರೈಫಲ್ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತಾಯಿತು. ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಪೂರ್ತಿ ಓದಿ.

ನಾನು ಎಡಚ. ವಿರಾಜಪೇಟೆ ಹತ್ತಿರ ನಮ್ಮ ಕಾಫಿ ತೋಟ. ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ಇತ್ತು. ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುತ್ತಿದ್ದೆವು. ಜೋಡಿ ನಳಿಗೆಗೆ ಎಡ ಬಲ ಅಂತ ದೊಡ್ಡ ವ್ಯತ್ಯಾಸ ಇಲ್ಲ. ಎಡ ಹೆಗಲಿಗೆ ಇಟ್ಟು ಹೊಡೆದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮಾವನ .315 ಬೋಲ್ಟ್ ರೈಫಲ್ ಕೈಗೆ ಬಂದಾಗ ಕಷ್ಟ ಶುರುವಾಯಿತು. ಅದರ ಬೋಲ್ಟ್, ಅಂದರೆ ಖಾಲಿ ತೋಟಾ ತೆಗೆದು ಹೊಸದು ತುಂಬಲು ಕೈಯಿಂದ ಎಳೆಯುವ ಹಿಡಿ, ಬಲಗಡೆ. ಪ್ರತಿ ಈಡಿಗೂ ತಲೆ ಎತ್ತಬೇಕು, ಎಡಗೈಯನ್ನು ಕೋವಿ ಮೇಲಿಂದ ಆಚೆ ಚಾಚಬೇಕು.

ಇಲ್ಲಿಗೆ ಬಂದ ಮೇಲೂ ಸ್ನೇಹಿತರ ಬಲಗೈ ರೈಫಲ್‌ಗಳಲ್ಲೇ ಬೇಟೆ ಕಲಿತೆ. ಹೋದ ಅಕ್ಟೋಬರ್‌ನಲ್ಲಿ 240 ಗಜ ದೂರದಲ್ಲಿ ಒಂದು ಹೆಣ್ಣು ಎಲ್ಕ್ ಸಿಕ್ಕಿತು. ಎಲ್ಕ್ ಅಂದರೆ ನಮ್ಮ ಕಡವೆ ಥರದ್ದೇ ಪ್ರಾಣಿ, ಸ್ವಲ್ಪ ಹಿಂದಕ್ಕೆ ತಗುಲಿದರೆ ತುಂಬಾ ದೂರ ಹೋಗುತ್ತದೆ. ನನ್ನ ಮೊದಲ ಗುಂಡು ಹಾಗೇ ಹಿಂದಕ್ಕೆ ತಗುಲಿತು. ಎರಡನೇ ಈಡು ತಕ್ಷಣ ಬೇಕಿತ್ತು. ಕೈ ಆಚೆ ಚಾಚಿ ಬೋಲ್ಟ್ ಎಳೆಯುವಷ್ಟರಲ್ಲಿ ಸ್ಕೋಪಿನಲ್ಲಿ ಅದು ಇರಲಿಲ್ಲ. ನಾಲ್ಕು ಸೆಕೆಂಡ್ ಹೋಗಿರಬಹುದು, ಅಷ್ಟೇ. ಹಿಮದಲ್ಲಿ ರಕ್ತ ನೋಡಿಕೊಂಡು ಹೋಗಿ ಹುಡುಕಲು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆ ಅದು ನೋವು ತಿಂದಿತು. ನನಗೆ ಅದನ್ನು ಮರೆಯಲು ಆಗುತ್ತಿಲ್ಲ. ಇನ್ನು ಮೇಲೆ ಎಡಗಡೆ ಬೋಲ್ಟ್ ಇರುವ ನನ್ನದೇ ರೈಫಲ್ ಇಲ್ಲದೆ ಬೆಟ್ಟ ಹತ್ತುವುದಿಲ್ಲ ಅಂತ ನಿರ್ಧಾರ ಮಾಡಿದ್ದೇನೆ.

ನವೆಂಬರ್‌ನಲ್ಲಿ ಒಬ್ಬ ಹಿರಿಯ ರ‍್ಯಾಂಚಿನವರ ಹತ್ತಿರ ಹಳೆಯ ಎಡಗೈ ರೆಮಿಂಗ್ಟನ್ 700 ಸಿಕ್ಕಿತು. ಲಾಂಗ್ ಆಕ್ಷನ್ (ಉದ್ದನೆಯ ತೋಟಾಕ್ಕೆ ಮಾಡಿದ್ದು), .30-06 ತೋಟಾದ್ದು. ಅಂಗಡಿ ಮೂಲಕ ಕಾಗದ ಪತ್ರ ಎಲ್ಲ ಮುಗಿಸಿ 450 ಡಾಲರ್ ಕೊಟ್ಟೆ. 100 ಗಜಕ್ಕೆ ಐದು ಈಡಿನ ಗ್ರೂಪ್, ಅಂದರೆ ಗುಂಡುಗಳು ಬಿದ್ದ ಹರವು, ಮೂರೂಕಾಲು ಇಂಚು ಬರುತ್ತಿದೆ. ಸ್ನೇಹಿತನ ಬೋರ್‌ಸ್ಕೋಪ್ (ಬ್ಯಾರೆಲ್ ಒಳಗೆ ನೋಡುವ ಸಾಧನ) ಹಾಕಿ ನೋಡಿದೆವು. ಚೇಂಬರ್ (ತೋಟಾ ಕೂರುವ ಜಾಗ) ಮುಂದಿನ ಭಾಗ ಬೇಸಿಗೆಯ ಗದ್ದೆ ಥರ ಬಿರುಕು ಬಿಟ್ಟಿದೆ. ತುದಿಯಲ್ಲಿ ತುಕ್ಕಿನ ಗುಳಿಗಳಿವೆ.

ಈಗ ಮೂರು ದಾರಿ ಕಾಣುತ್ತಿವೆ. ಇದೇ ಆಕ್ಷನ್ ಸರಿ ಮಾಡಿಸಿ ಹೊಸ ಬ್ಯಾರೆಲ್ ಹಾಕಿಸುವುದು. ಇಲ್ಲವೇ ಜರ್ಮ್ಯಾಟ್ ಕಂಪನಿಯ ಒರಿಜಿನ್ ಥರದ ಕಸ್ಟಮ್ ಆಕ್ಷನ್ ಎಡಗೈಗೆ ತಗೊಂಡು, ಅದರ ಅಳತೆಗೆ ಮೊದಲೇ ಮಾಡಿದ ಪ್ರೀಫಿಟ್ ಬ್ಯಾರೆಲ್ ಹಾಕುವುದು. ಇಲ್ಲವೇ ಎಲ್ಲ ಬಿಟ್ಟು ಹೊಸ ರೈಫಲ್. ಸ್ಕೋಪ್ ನನ್ನ ಹತ್ತಿರ ಇದೆ. ಉಳಿದದ್ದಕ್ಕೆ 1,800 ಡಾಲರ್ ದಾಟುವಂತಿಲ್ಲ. ನಾನು ಬೇಟೆ ಆಡುವುದು 9,000ದಿಂದ 10,500 ಅಡಿ ಎತ್ತರದಲ್ಲಿ, ಎಲ್ಲ ನಡೆದೇ. 350 ಗಜದ ಆಚೆ ಹೊಡೆಯುವುದಿಲ್ಲ. ತೋಟಾ ನಾನೇ ಕಟ್ಟುವುದಿಲ್ಲ, ಅಂಗಡಿಯದ್ದೇ. ಯಾವ ಕ್ಯಾಲಿಬರ್, ಯಾವ ಬ್ಯಾರೆಲ್, ಎಷ್ಟು ಉದ್ದ? ದಯವಿಟ್ಟು ಹೇಳಿ.

ಸಕಲೇಶಪುರ_ಬಾಯ್ಸಿ | ಐಡಹೋ

ಅಣ್ಣಾ, ಆ ಎಲ್ಕ್ ವಿಷಯ ಓದಿ ಬೇಜಾರಾಯಿತು. ನೀವು ಹುಡುಕಿಕೊಂಡು ಹೋದಿರಲ್ಲ, ಅದು ದೊಡ್ಡದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಟಿಕ್ಕಾ ಟಿ3ಎಕ್ಸ್ ತಗೊಳ್ಳಿ. ಎಡಗೈಗೂ ಬರುತ್ತದೆ. ಫಿನ್ಲೆಂಡಿನ ರೀಹಿಮಾಕಿಯಲ್ಲಿ ಸಾಕೋದವರು ಮಾಡುವುದು. ನಾನು 2021ರಲ್ಲಿ .308 ತಗೊಂಡೆ, 780 ಡಾಲರ್ ಆಯಿತು. ಪೆಟ್ಟಿಗೆಯಿಂದ ತೆಗೆದ ದಿನವೇ ಮುಕ್ಕಾಲು ಇಂಚಿಗೆ ಮೂರು ಈಡು ಬಿತ್ತು. ಬೋಲ್ಟ್ 70 ಡಿಗ್ರಿ ಎತ್ತಿದರೆ ಸಾಕು, 700ಕ್ಕೆ 90 ಬೇಕು. ಸ್ಕೋಪ್ ದೊಡ್ಡದಿದ್ದಾಗ, ಗ್ಲೌಸ್ ಹಾಕಿದ್ದಾಗ ಆ 20 ಡಿಗ್ರಿ ಚೆನ್ನಾಗಿ ಗೊತ್ತಾಗುತ್ತದೆ. ನಯವಾಗಿ ಓಡುತ್ತದೆ. ತೂಕ ಆರೂವರೆ ಪೌಂಡ್ ಹತ್ತಿರ. ಬೆಟ್ಟಕ್ಕೆ ಹಗುರ. ನೀವು ಇದೇ ಬೇಸಿಗೆಯಲ್ಲಿ ಅಭ್ಯಾಸ ಶುರು ಮಾಡಬಹುದು. ಕಟ್ಟಿಸಲು ಹೋದರೆ ಬ್ಯಾರೆಲ್ ಕಾಯಬೇಕು, ಗನ್‌ಸ್ಮಿತ್ (ಕೋವಿ ಕೆಲಸದವರು) ಸರದಿ ಕಾಯಬೇಕು.

ಕ್ಯಾಲಿಬರ್ ವಿಷಯಕ್ಕೆ ಒಂದು ಮಾತು. ಎರಡು ವರ್ಷದ ಹಿಂದೆ ಮ್ಯೂಲ್ ಡೀರ್ ಬೇಟೆಗೆ ಐದು ಗಂಟೆ ಡ್ರೈವ್ ಮಾಡಿ ಹೋದೆವು. ನನ್ನ ಗಂಡ ತೋಟಾ ಡಬ್ಬಿ ಮನೆಯಲ್ಲೇ ಬಿಟ್ಟು ಬಂದಿದ್ದರು. ಅವರದು 6.5 ಪಿಆರ್‌ಸಿ ತೋಟಾದ ರೈಫಲ್. ಆ ಸಣ್ಣ ಊರಿನಲ್ಲಿ ಒಂದೇ ಹಾರ್ಡ್‌ವೇರ್ ಅಂಗಡಿ. ಕಪಾಟಿನಲ್ಲಿ .30-06, .270, .308, .243 ಇದ್ದವು. ಪಿಆರ್‌ಸಿ ಇರಲಿಲ್ಲ. ನಾಲ್ಕು ದಿನ ನನ್ನ ರೈಫಲ್ ಒಂದರಲ್ಲೇ ಇಬ್ಬರೂ ಬೇಟೆಯಾಡಿದೆವು. ನೀವು ತೋಟಾ ಕಟ್ಟುವುದಿಲ್ಲ ಅಂದಿರಿ. ಹಾಗಿದ್ದರೆ ಯಾವ ಊರಿನ ಅಂಗಡಿಯಲ್ಲೂ ಸಿಗುವುದನ್ನೇ ಇಟ್ಟುಕೊಳ್ಳಿ.

ಟೂಲ್‌ರೂಮ್_ಜಾಲಹಳ್ಳಿ | ವಿಸ್ಕಾನ್ಸಿನ್

ತಮ್ಮಾ, ನಾನು ಜಾಲಹಳ್ಳಿ ಎಚ್‌ಎಂಟಿಯಲ್ಲಿ 24 ವರ್ಷ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವನು. ಈಗ ಮಗಳ ಮನೆಯಲ್ಲಿದ್ದೇನೆ. ಒಂಬತ್ತು ವರ್ಷದಿಂದ ಇಲ್ಲಿ ರೇಂಜಿಗೆ ಹೋಗುತ್ತೇನೆ, ನವೆಂಬರ್‌ನ ಒಂಬತ್ತು ದಿನ ಜಿಂಕೆ ಬೇಟೆಗೂ ಹೋಗುತ್ತೇನೆ. ಸಕಲೇಶಪುರದಮ್ಮ ಹೇಳಿದ ಟಿಕ್ಕಾ ಒಳ್ಳೆಯ ರೈಫಲ್. ನಿನ್ನ ಕೈಯಲ್ಲಿ ಏನೂ ಇರದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಿನ್ನ ಹತ್ತಿರ ಎಡಗೈ ಆಕ್ಷನ್ ಈಗಾಗಲೇ ಇದೆ. ಅದನ್ನು ಬಿಡಬೇಡ.

ಮೊದಲು ಒಂದು ಕೆಲಸ. ಬ್ಯಾರೆಲ್ ಹೋಯಿತು ಅಂತ ತೀರ್ಪು ಕೊಡುವ ಮುಂಚೆ ನೋಡು. ಚೇಂಬರ್ ಮುಂದಿನ ಬಿರುಕು ಕಂಡ ಮಾತ್ರಕ್ಕೆ ಬ್ಯಾರೆಲ್ ಸತ್ತಿತು ಅಂತ ಅಲ್ಲ. ಬಿಸಿ ಅನಿಲ ಹೊಡೆದೂ ಹೊಡೆದೂ ಎಲ್ಲ ಬ್ಯಾರೆಲ್‌ನಲ್ಲೂ ಅದು ಬರುತ್ತದೆ. ಅಂಥ ಎಷ್ಟೋ ಬ್ಯಾರೆಲ್‌ಗಳು ಚೆನ್ನಾಗಿಯೇ ಹೊಡೆಯುತ್ತವೆ. ತುದಿಯ ಗುಳಿ ಅದಕ್ಕಿಂತ ಕೆಟ್ಟದ್ದು. ಗುಂಡು ಬ್ಯಾರೆಲ್ ಬಿಡುವ ಕೊನೆಯ ಕ್ಷಣದಲ್ಲಿ ಸುತ್ತಲೂ ಅನಿಲ ಒಂದೇ ಸಮ ಹೊರಬರಬೇಕು. ಒಂದು ಕಡೆ ಗುಳಿ ಇದ್ದರೆ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ತಳ್ಳುತ್ತದೆ. ಸ್ಕೋಪ್ ಬೇಸ್ ಸ್ಕ್ರೂ ಬಿಗಿ ಇದೆಯಾ ನೋಡು. ಸ್ಟಾಕಿನ (ಹೆಗಲಿಗೆ ಇಡುವ ಭಾಗದ) ಎರಡು ಸ್ಕ್ರೂ ನೋಡು. ತಾಮ್ರ ಕರಗಿಸುವ ದ್ರಾವಣ ಹಾಕಿ, ಪ್ಯಾಚಿನಲ್ಲಿ (ಒರೆಸುವ ಬಟ್ಟೆ ಚೂರಿನಲ್ಲಿ) ನೀಲಿ ಬಣ್ಣ ಬರುವುದು ನಿಲ್ಲುವವರೆಗೆ ಒರೆಸು. ಆಮೇಲೆ ಹತ್ತು ಈಡು ಹೊಡೆದು ಬರೆ.

ಇನ್ನು ಆಕ್ಷನ್. ರೆಮಿಂಗ್ಟನ್ 700 ಬಂದದ್ದು 1962ರಲ್ಲಿ. ಅದರ ಅಣ್ಣಂದಿರು 721, 722 ಬಂದದ್ದು 1948ರಲ್ಲಿ. ಮೈಕ್ ವಾಕರ್ ಎಂಬ ಎಂಜಿನಿಯರ್ ಮಾಡಿದ ವಿನ್ಯಾಸ. ಅದಕ್ಕೆ ಮುಂಚಿನ ಮೌಸರ್ 98, 1936ರ ವಿಂಚೆಸ್ಟರ್ 70 ಇವುಗಳ ರಿಸೀವರ್ (ಬೋಲ್ಟ್ ಓಡುವ ಕವಚ) ತಳ ಚಪ್ಪಟೆ. ಈಡಿನ ಹಿಂದೊದೆತವನ್ನು ಸ್ಟಾಕಿಗೆ ದಾಟಿಸುವ ರಿಕಾಯಿಲ್ ಲಗ್ ಅದರಲ್ಲೇ ಸೇರಿದೆ. ಅದನ್ನು ಮಾಡಲು ಮಿಲ್ಲಿಂಗ್ ಯಂತ್ರದಲ್ಲಿ ತುಂಬಾ ಕೆಲಸ. ವಾಕರ್ ರಿಸೀವರನ್ನು ದುಂಡಗೆ ಮಾಡಿದರು. ದುಂಡು ಅಂದರೆ ಲೇತ್ ಕೆಲಸ, ಬೇಗ ಆಗುತ್ತದೆ, ಖರ್ಚು ಕಡಿಮೆ. ರಿಕಾಯಿಲ್ ಲಗ್ ಬೇರೆ ಬಿಲ್ಲೆ. ಬ್ಯಾರೆಲ್‌ಗೂ ರಿಸೀವರ್‌ಗೂ ನಡುವೆ ವಾಷರ್ ಥರ ಸಿಕ್ಕಿಸಿದ್ದು. ಕೆಲವರು ಇದನ್ನು ಅಗ್ಗದ ಕೆಲಸ ಅಂತ ಬೈಯುತ್ತಾರೆ. ನಾನು ಹಾಗೆ ನೋಡುವುದಿಲ್ಲ. ದುಂಡಗಿನ ವಸ್ತುವನ್ನು ಮತ್ತೆ ಲೇತ್‌ಗೆ ಕಟ್ಟಿ ಸರಿ ಮಾಡಬಹುದು. ಅರವತ್ತು ವರ್ಷದಿಂದ ಗನ್‌ಸ್ಮಿತ್‌ಗಳು ಅದನ್ನೇ ಮಾಡುತ್ತಿದ್ದಾರೆ. ಈಗಿನ ಹೆಚ್ಚಿನ ಕಸ್ಟಮ್ ಆಕ್ಷನ್‌ಗಳೂ 700ರ ಅಳತೆಯನ್ನೇ ಇಟ್ಟುಕೊಂಡಿವೆ. ಸ್ಟಾಕ್, ಟ್ರಿಗರ್, ಸ್ಕೋಪ್ ಬೇಸ್ ಎಲ್ಲ ಕೂರಲಿ ಅಂತ.

ಸರಿ ಮಾಡುವುದು ಅಂದರೆ ಏನು? ಬೋಲ್ಟ್ ಓಡುವ ದಾರಿಗೆ ಒಂದು ನಡುಗೆರೆ ಇದೆ ಅಂದುಕೋ. ಬ್ಯಾರೆಲ್ ಕೂರುವ ಥ್ರೆಡ್ ಅದೇ ಗೆರೆಯ ಮೇಲೆ ಇರಬೇಕು. ರಿಸೀವರ್ ಮುಖ ಅದಕ್ಕೆ ಸರಿಯಾಗಿ ಲಂಬವಾಗಿರಬೇಕು. ಬೋಲ್ಟನ್ನು ರಿಸೀವರ್‌ಗೆ ಬಿಗಿಹಿಡಿಯುವ ಅದರ ಎರಡು ಲಗ್‌ಗಳೂ ಒಟ್ಟಿಗೆ ಭಾರ ಹೊರಬೇಕು. ಕಾರ್ಖಾನೆಯಿಂದ ಸಾವಿರಗಟ್ಟಲೆ ಬರುವಾಗ ಇವು ಕೆಲವು ಥೌ ಆಚೀಚೆ ಇರುತ್ತವೆ. ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು ಮೂರು ಥೌ. ಒಂದು ಲಗ್ ಮಾತ್ರ ತಾಗಿದರೆ ಈಡಿನ ಒತ್ತಡಕ್ಕೆ ಬೋಲ್ಟ್ ಓರೆಯಾಗುತ್ತದೆ. .30-06ರಲ್ಲಿ ಆ ಒತ್ತಡ ಚದರ ಇಂಚಿಗೆ 60,000 ಪೌಂಡ್‌ವರೆಗೆ ಹೋಗುತ್ತದೆ. ಬೋಲ್ಟ್ ಪ್ರತಿ ಸಲ ಒಂದೇ ರೀತಿ ಕೂರಲಿ ಅಂತ ಈ ಮೂರನ್ನೂ ಸಮ ಮಾಡುತ್ತಾರೆ. ಜೊತೆಗೆ ನಿಖರವಾಗಿ ಉಜ್ಜಿದ, ದಪ್ಪನೆಯ ಹೊಸ ರಿಕಾಯಿಲ್ ಲಗ್ ಹಾಕಿಸಿಕೋ.

ಕಸ್ಟಮ್ ಆಕ್ಷನ್‌ನಲ್ಲಿ ಈ ಅಳತೆ ಮೊದಲಿಂದಲೇ ಬಿಗಿಯಾಗಿರುತ್ತದೆ. ಒಂದು ಆಕ್ಷನ್‌ನಂತೆಯೇ ಇನ್ನೊಂದು. ಅದಕ್ಕೇ ಆಕ್ಷನ್ ಕಳಿಸದೆಯೇ ಅದಕ್ಕೆ ತಕ್ಕ ಬ್ಯಾರೆಲ್ ಮಾಡಿ ಮನೆಗೆ ಕಳಿಸುತ್ತಾರೆ. ಒರಿಜಿನ್‌ನ ಬೋಲ್ಟ್ ತಲೆ ಬದಲಾಯಿಸಬಹುದು, ಬೇರೆ ಗಾತ್ರದ ತೋಟಾಕ್ಕೆ ಹೋಗಬಹುದು. ವರ್ಷಕ್ಕೆ ಎರಡು ಬ್ಯಾರೆಲ್ ಸವೆಸುವ ಸ್ಪರ್ಧೆಯವರಿಗೆ ಇದು ತುಂಬಾ ಅನುಕೂಲ. ನೀನು ವರ್ಷಕ್ಕೆ ಎಷ್ಟು ಹೊಡೆಯುತ್ತೀಯ? ನೂರೈವತ್ತು ಈಡಾ? .30-06 ಬ್ಯಾರೆಲ್ ಸಾವಿರಾರು ಈಡು ತಡೆಯುತ್ತದೆ. ನಿನ್ನ ಮುಂದಿನ ಬ್ಯಾರೆಲ್ ನಿನ್ನ ಮಗ ಹಾಕಿಸುತ್ತಾನೆ.

ಈಗ ನನ್ನದೇ ಅನುಭವ ಹೇಳುತ್ತೇನೆ. 2018ರಲ್ಲಿ ನಾನು 1,100 ಡಾಲರ್ ಕೊಟ್ಟು ಕಸ್ಟಮ್ ಆಕ್ಷನ್ ತಗೊಂಡೆ. ಅಳೆದು ನೋಡಿದೆ, ಮುತ್ತಿನಂಥ ಕೆಲಸ. ಅಲ್ಲಿಗೆ ದುಡ್ಡು ಮುಗಿಯಿತು. ಅಗ್ಗದ ಬ್ಯಾರೆಲ್ ತಗೊಂಡು, ಹತ್ತಿರದ ಒಂದು ಅಂಗಡಿಯಲ್ಲಿ 250 ಡಾಲರ್‌ಗೆ ಚೇಂಬರ್ ಮಾಡಿಸಿದೆ. ಗ್ರೂಪ್ ಒಂದೂವರೆ ಇಂಚು. ಖಾಲಿ ತೋಟಾ ನೋಡಿದರೆ ಬುಡದ ಹತ್ತಿರ ಒಂದೇ ಕಡೆ ಉಬ್ಬಿದೆ. ಬೇರೆ ಗನ್‌ಸ್ಮಿತ್ ಹತ್ತಿರ ತಗೊಂಡು ಹೋದೆ. ಅವರು ಡಯಲ್ ಗೇಜ್ ಹಾಕಿ ನನಗೇ ತೋರಿಸಿದರು. ಬ್ಯಾರೆಲ್ ರಂಧ್ರದ ನಡುಗೆರೆಯಿಂದ ಚೇಂಬರ್ ನಾಲ್ಕು ಥೌ ಆಚೆ ಇತ್ತು. ಅವರು ಹಿಂಬದಿ ಒಂದು ಇಂಚು ಕತ್ತರಿಸಿ ಹೊಸದಾಗಿ ಥ್ರೆಡ್, ಹೊಸದಾಗಿ ಚೇಂಬರ್ ಮಾಡಿದರು. ಅದೇ ಅಗ್ಗದ ಬ್ಯಾರೆಲ್, ಅದೇ ಆಕ್ಷನ್. ಗ್ರೂಪ್ 0.6 ಇಂಚಿಗೆ ಬಂತು. ನನ್ನ ಜೀವಮಾನವೆಲ್ಲ ಲೇತ್ ಮುಂದೆ ನಿಂತವನು ನಾನು. ಕೆಲಸ ಮಾಡುವ ಕೈ ಯಾವುದು ಅಂತ ಕೇಳದೆ ದುಡ್ಡು ಹಾಕಿದ್ದು ನನಗೆ ಇವತ್ತಿಗೂ ಕೊರಗು.

ಹಾಗಾಗಿ ತಮ್ಮಾ, ಆಕ್ಷನ್‌ಗೆ ಇಡಬೇಕೆಂದಿದ್ದ ದುಡ್ಡನ್ನು ಬ್ಯಾರೆಲ್‌ಗೂ ಅದನ್ನು ಕೂರಿಸುವವರಿಗೂ ಇಡು.

ಹೊಸಬ_ಡೆನ್ವರ್ | ಕೊಲರಾಡೊ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನು ಎಚ್‌1ಬಿ ವೀಸಾದಲ್ಲಿ ಇದ್ದೇನೆ. ಆಫೀಸಿನ ಸ್ನೇಹಿತರ ಜೊತೆ ರೇಂಜಿಗೆ ಹೋಗಿ ಇಷ್ಟ ಆಯಿತು. ನಾನೂ ಒಂದು ಆಕ್ಷನ್ ತಗೊಂಡು ನಿಧಾನಕ್ಕೆ ಕಟ್ಟಿಸಬಹುದಾ? ಬರೀ ಆಕ್ಷನ್ ತಾನೇ, ಅದು ಗನ್ ಅಲ್ಲ ಅಲ್ವಾ?

ಎಡಗೈ_ವಿರಾಜಪೇಟೆ

ಕೇಳಿದ್ದು ಒಳ್ಳೆಯದಾಯಿತು. ದಯವಿಟ್ಟು ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಕಾನೂನಿನ ಕಣ್ಣಿಗೆ ಸೀರಿಯಲ್ ನಂಬರ್ ಇರುವ ರಿಸೀವರೇ ಗನ್. ಬ್ಯಾರೆಲ್, ಸ್ಟಾಕ್, ಟ್ರಿಗರ್ ಬಿಡಿ ಭಾಗಗಳು. ಆಕ್ಷನ್ ತಗೊಳ್ಳಲು ಲೈಸೆನ್ಸ್ ಇರುವ ಅಂಗಡಿಗೇ ಹೋಗಬೇಕು, 4473 ಫಾರಂ ತುಂಬಬೇಕು, ಹಿನ್ನೆಲೆ ಪರಿಶೀಲನೆ ಆಗಬೇಕು. ನಮ್ಮ ಕೊಲರಾಡೊದಲ್ಲಿ 2023ರ ಅಕ್ಟೋಬರ್‌ನಿಂದ ಮೂರು ದಿನ ಕಾಯುವ ನಿಯಮವೂ ಇದೆ. 2025ರ ಏಪ್ರಿಲ್‌ನಿಂದ 6.5% ತೆರಿಗೆ ಬೇರೆ.

ವೀಸಾ ವಿಷಯ ಇದಕ್ಕಿಂತ ಮುಖ್ಯ. ಎಚ್‌1ಬಿ ಥರದ ವೀಸಾದಲ್ಲಿ ಇರುವವರು ಗನ್ ಆಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ ಅಂತ ಫೆಡರಲ್ ಕಾನೂನು ಹೇಳುತ್ತದೆ. ಅದಕ್ಕೆ ಕೆಲವು ವಿನಾಯಿತಿ ಇವೆ. ನಮ್ಮಂಥವರಿಗೆ ಅನ್ವಯಿಸುವುದು ಒಂದು: ಇಲ್ಲಿನ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ನಾನು ಗ್ರೀನ್ ಕಾರ್ಡ್ ಬರುವ ಮುಂಚೆ ಹಾಗೇ ಇದ್ದೆ. ಹಂಟರ್ ಎಜುಕೇಶನ್ ಕ್ಲಾಸ್ ಮುಗಿಸಿ ಲೈಸೆನ್ಸ್ ತಗೊಂಡೆ. ಅದರ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ. ಒಂದು ದಿನ ತಪ್ಪಿದರೂ ವಿನಾಯಿತಿ ಹೋಗುತ್ತದೆ. ಆಗ ಆಗುವ ಅಪರಾಧ ನಿಮ್ಮ ಗ್ರೀನ್ ಕಾರ್ಡ್ ದಾರಿಯನ್ನೇ ಮುಚ್ಚಬಹುದು. ತಗೊಳ್ಳುವ ಮುಂಚೆ ವಲಸೆ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಆ ಖರ್ಚು ದಂಡ ಅಲ್ಲ.

ಜಾಲಹಳ್ಳಿ ಸರ್, ನೀವು ಹೇಳಿದ ಹಾಗೆ ಮಾಡಿದೆ. ಸ್ಕ್ರೂ ಎಲ್ಲ ಬಿಗಿ ಇದ್ದವು. ತಾಮ್ರ ತೆಗೆಯಲು ಮೂರು ಸಂಜೆ ಹಿಡಿಯಿತು. ಎಷ್ಟು ನೀಲಿ ಅಂದರೆ ಪ್ಯಾಚಿನ ಪೊಟ್ಟಣವೇ ಖಾಲಿ ಆಯಿತು. ಗ್ರೂಪ್ ಎರಡೂವರೆ ಇಂಚಿಗೆ ಇಳಿಯಿತು. ಅಲ್ಲೇ ನಿಂತಿದೆ. ಹಾಗಾಗಿ ಬ್ಯಾರೆಲ್ ಬದಲಾಯಿಸುವುದೇ. ಆಕ್ಷನ್ ಉಳಿಸಿಕೊಳ್ಳುತ್ತೇನೆ.

ಸಕಲೇಶಪುರ ಅಕ್ಕ, ಟಿಕ್ಕಾ ಅಂಗಡಿಯಲ್ಲಿ ಹಿಡಿದು ನೋಡಿದೆ. ನೀವು ಹೇಳಿದ್ದು ನಿಜ, ಬೋಲ್ಟ್ ತುಂಬಾ ನಯ. ಆದರೂ ಈ ಹಳೆಯ 700 ನನ್ನ ಹೆಗಲಿಗೆ ಕೂರುವ ರೀತಿ ಬಿಡಲು ಮನಸ್ಸು ಬರುತ್ತಿಲ್ಲ. ತೋಟಾ ಬಗ್ಗೆ ನಿಮ್ಮ ಮಾತು ಕೇಳುತ್ತೇನೆ. .280 ಆಕ್ಲೀ ತೋಟಾಕ್ಕೆ ಮಾಡಿಸಬೇಕು ಅಂತ ಆಸೆ ಇತ್ತು, ಇದೇ ಬೋಲ್ಟ್‌ಗೆ ಆಗುತ್ತದೆ. ಅದು ಬೇಡ, .30-06 ಇರಲಿ.

ಸರ್, ಈಗ ಬ್ಯಾರೆಲ್ ಬಗ್ಗೆ ಹೇಳಿ. ಒಳಗಿನ ಸುರುಳಿ ತೋಡುಗಳು, ಅಂದರೆ ರೈಫ್ಲಿಂಗ್, ಕಟ್ ಇರಲಾ, ಬಟನ್ನಾ? ಟ್ವಿಸ್ಟ್ (ಆ ಸುರುಳಿಯ ತಿರುವು) ಎಷ್ಟು? ನಾನು ಸೀಸ ಬಿಟ್ಟು ಪೂರ್ತಿ ತಾಮ್ರದ ಗುಂಡು ಬಳಸಬೇಕು ಅಂತಿದ್ದೇನೆ, ಮಾಂಸ ಮಕ್ಕಳು ತಿನ್ನುತ್ತಾರೆ. ಮುಂದೆ ಯಾವಾಗಲಾದರೂ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕುವ ಯೋಚನೆಯೂ ಇದೆ.

ಟೂಲ್‌ರೂಮ್_ಜಾಲಹಳ್ಳಿ

ಒಳ್ಳೆಯ ನಿರ್ಧಾರ. ಸಪ್ರೆಸರ್ ವಿಷಯ ಈಗಲೇ ಹೇಳಿದ್ದು ಇನ್ನೂ ಒಳ್ಳೆಯದು. ಅದರಿಂದಲೇ ಶುರು ಮಾಡುತ್ತೇನೆ, ತುಂಬಾ ಜನ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

.30 ಕ್ಯಾಲಿಬರ್‌ಗೆ ರೂಢಿಯಲ್ಲಿರುವ ತುದಿಯ ಥ್ರೆಡ್ 5/8-24. ಅಂದರೆ ಥ್ರೆಡ್ ಭಾಗವೇ 0.625 ಇಂಚು ದಪ್ಪ. ಅದರ ಹಿಂದೆ ಸಪ್ರೆಸರ್ ಒತ್ತಿ ಕೂರಲು ಒಂದು ಮೆಟ್ಟಿಲು ಬೇಕು. ತುದಿ 0.700 ಇಂಚಾದರೂ ಇದ್ದರೆ ಒಳ್ಳೆಯ ಮೆಟ್ಟಿಲು ಸಿಗುತ್ತದೆ. ಬೆಟ್ಟಕ್ಕೆ ಹಗುರ ಇರಲಿ ಅಂತ ತೆಳ್ಳನೆ ಬ್ಯಾರೆಲ್ ತಗೊಂಡರೆ ತುದಿ 0.600 ಹತ್ತಿರ ಇರುತ್ತದೆ. ಆಮೇಲೆ ಅದಕ್ಕೆ ಏನು ಮಾಡಿದರೂ ಈ 5/8-24 ಥ್ರೆಡ್ ಸರಿಯಾಗಿ ಬರುವುದಿಲ್ಲ. ಇನ್ನೊಂದು ಮಾತು. ಒಬ್ಬ ತಯಾರಕರ 3ನೇ ನಂಬರ್ ಆಕಾರ ಇನ್ನೊಬ್ಬರ 3ನೇ ನಂಬರ್ ಅಲ್ಲ. ನಂಬರ್ ಹೇಳಿ ಆರ್ಡರ್ ಕೊಡಬೇಡ. ನಿನಗೆ ಬೇಕಾದ ಉದ್ದಕ್ಕೆ ಕತ್ತರಿಸಿದ ಮೇಲೆ ತುದಿ ಎಷ್ಟು ಇಂಚು ದಪ್ಪ ಇರುತ್ತದೆ ಅಂತ ಕೇಳು. ಹೆಚ್ಚಿನ ಆಕಾರಗಳಲ್ಲಿ ಹಿಂದಕ್ಕೆ ಹೋದಷ್ಟೂ ದಪ್ಪ ಜಾಸ್ತಿ. 24ರ ಬದಲು 22 ಇಂಚಿಗೆ ಕತ್ತರಿಸಿದರೆ ಸ್ವಲ್ಪ ದಪ್ಪ ತಾನಾಗಿ ಸಿಗುತ್ತದೆ.

ಉದ್ದಕ್ಕೆ ನನ್ನ ಉತ್ತರವೂ 22 ಇಂಚೇ. ಒಂದು ಇಂಚು ಕಡಿಮೆಯಾದರೆ ಸೆಕೆಂಡಿಗೆ 25 ಅಡಿ ವೇಗ ಹೋಗಬಹುದು. ಎರಡು ಇಂಚಿಗೆ 50 ಅಡಿ. 2,700 ಅಡಿ ವೇಗದ ಗುಂಡಿಗೆ 300 ಗಜದಲ್ಲಿ ಇದರಿಂದ ಆಗುವ ವ್ಯತ್ಯಾಸ ಒಂದು ಇಂಚೂ ಇಲ್ಲ. ಪೊದೆಯಲ್ಲಿ ನಡೆಯುವಾಗ, ಮುಂದೆ ಸಪ್ರೆಸರ್ ಆರು ಏಳು ಇಂಚು ಸೇರಿದಾಗ ಆ ಎರಡು ಇಂಚು ನಿನಗೆ ಗೊತ್ತಾಗುತ್ತದೆ. ಸಪ್ರೆಸರ್‌ನ 200 ಡಾಲರ್ ತೆರಿಗೆ 2026ರ ಜನವರಿಯಿಂದ ಹೋಗಿದೆ, ಆದರೆ ನೋಂದಣಿ ಹೋಗಿಲ್ಲ. ಅದನ್ನು ಮರೆಯಬೇಡ.

ಕಟ್ ರೈಫ್ಲಿಂಗ್ ಬಗ್ಗೆ ಕೇಳಿದೆ. ನನಗೆ ಇದು ಇಷ್ಟದ ವಿಷಯ. ಕೊಕ್ಕೆಯಂಥ ಒಂದೇ ಒಂದು ಸಣ್ಣ ಕಟರ್. ಬ್ಯಾರೆಲ್ ಒಳಗೆ ತಿರುಗುತ್ತಾ ಒಮ್ಮೆ ಎಳೆದರೆ ಇಂಚಿನ ಹತ್ತು ಸಾವಿರದ ಒಂದು ಭಾಗದಷ್ಟು ಲೋಹ ತೆಗೆಯುತ್ತದೆ. ಒಂದು ತೋಡು ಆದ ಮೇಲೆ ಇನ್ನೊಂದು, ಮತ್ತೆ ಮೊದಲಿನದು. ನೂರಾರು ಸಲ. ಎರಡನೇ ಮಹಾಯುದ್ಧದ ಕಾಲದ ಪ್ರಾಟ್ ಅಂಡ್ ವಿಟ್ನಿ ಯಂತ್ರಗಳು ಈ ಕೆಲಸಕ್ಕೆ ಹೆಸರಾದವು. ಲೋಹವನ್ನು ಕೆರೆದು ತೆಗೆಯುವುದರಿಂದ ಬ್ಯಾರೆಲ್ ಒಳಗೆ ಬಿಗುವು ಸೇರುವುದಿಲ್ಲ. ಬಟನ್ ರೈಫ್ಲಿಂಗ್‌ನಲ್ಲಿ ತೋಡಿನ ಆಕಾರ ಇರುವ ಗಟ್ಟಿ ಕಾರ್ಬೈಡ್ ಗುಂಡಿಯನ್ನು ಒಂದೇ ಸಲ ಎಳೆಯುತ್ತಾರೆ. ಲೋಹ ಪಕ್ಕಕ್ಕೆ ಸರಿಯುತ್ತದೆ, ನುಣುಪು ಚೆನ್ನಾಗಿ ಬರುತ್ತದೆ, ಆದರೆ ಬಿಗುವು ಉಳಿಯುತ್ತದೆ. ಅದನ್ನು ಕುಲುಮೆಯಲ್ಲಿ ಕಾಯಿಸಿ ನಿಧಾನಕ್ಕೆ ಆರಿಸಿ ತೆಗೆಯಬೇಕು. ಅಷ್ಟು ಮಾಡಿದರೆ ಅದೂ ಒಳ್ಳೆಯ ಬ್ಯಾರೆಲ್ಲೇ. ಮಾಂಟಾನಾದ ಲಿಲ್ಯಾ, ಟೆಕ್ಸಾಸ್‌ನ ಶೈಲೆನ್ ಬಟನ್‌ನವರು. ನಮ್ಮ ವಿಸ್ಕಾನ್ಸಿನ್‌ನ ಕ್ರೀಗರ್, ಬಾರ್ಟ್‌ಲೈನ್, ಬ್ರಕ್ಸ್ ಕಟ್ ಮಾಡುವವರು. ನಿನ್ನ ಬೇಟೆ ರೈಫಲ್‌ಗೆ ಈ ಐವರಲ್ಲಿ ಯಾರು ಬೇಗ ಕೊಡುತ್ತಾರೋ ಅವರದ್ದು ತಗೋ. ಕಾರ್ಬನ್ ಸುತ್ತಿದ ಬ್ಯಾರೆಲ್ ಕೇಳಬೇಡ, ನಿನ್ನ ಬಜೆಟ್‌ನ ಅರ್ಧ ಅದಕ್ಕೇ ಹೋಗುತ್ತದೆ.

ಟ್ವಿಸ್ಟ್ 10 ಇಂಚಿಗೆ ಒಂದು ಸುತ್ತು. ತಾಮ್ರದ ಗುಂಡಿಗೆ ಇದು ಯಾಕೆ ಮುಖ್ಯ ಗೊತ್ತಾ? ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕ ಬೇಕಾದರೆ ಗುಂಡು ಉದ್ದ ಆಗಲೇಬೇಕು. ಉದ್ದನೆಯ ಗುಂಡು ನೆಟ್ಟಗೆ ಹೋಗಲು ಜೋರಾಗಿ ತಿರುಗಬೇಕು. 12 ಇಂಚಿನ ಟ್ವಿಸ್ಟ್‌ನಲ್ಲಿ ಭಾರದ ತಾಮ್ರದ ಗುಂಡು ತೂಗಾಡಬಹುದು. 10ರಲ್ಲಿ 165, 180 ಗ್ರೇನ್ ತೂಕದ ಗುಂಡು ಎರಡೂ ಆರಾಮ. 165 ಸಾಕು ನಿನಗೆ. ನೀನಿರುವ ಎತ್ತರದಲ್ಲಿ ಗಾಳಿ ತೆಳು, ಅದೂ ಸಹಾಯಕ್ಕೆ ಬರುತ್ತದೆ.

ಗನ್‌ಸ್ಮಿತ್ ಹತ್ತಿರ ಹೋದಾಗ ಇದನ್ನು ಕೇಳು. ಚೇಂಬರ್ ಮಾಡುವಾಗ ಡಯಲ್ ಗೇಜನ್ನು ಬ್ಯಾರೆಲ್ ರಂಧ್ರದ ಒಳಗೆ ಇಟ್ಟು ಸರಿ ಮಾಡುತ್ತೀರಾ, ಹೊರಮೈ ನೋಡಿಯಾ? ಹೊರಮೈ ನೋಡಿ ಮಾಡುವವರು ಬೇಡ. ಮುಗಿದ ಮೇಲೆ ಬೋರ್‌ಸ್ಕೋಪ್ ಚಿತ್ರ ಕೊಡುತ್ತೀರಾ ಅಂತಲೂ ಕೇಳು. ಚೇಂಬರ್ ಸಾಮಿ (ತಯಾರಕರ ಸಂಘದ ಪ್ರಮಾಣಿತ) ಅಳತೆಯದ್ದೇ ಇರಲಿ. ಯಾರಾದರೂ ಬಿಗಿ ಚೇಂಬರ್ ಮಾಡಿಸು ಅಂದರೆ ಕೇಳಬೇಡ. ಅದು ತಮ್ಮ ತೋಟಾ ತಾವೇ ಕಟ್ಟುವವರಿಗೆ. ನೀನು ಅಂಗಡಿ ತೋಟಾ ಹಾಕುವವನು, ಹಿಮದಲ್ಲಿ ಕೊಳಕಾದ ತೋಟಾವೂ ಒಳಗೆ ಹೋಗಬೇಕು. ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್ ಮುಂದೆ ತೋಟಾ ಕೂರಲು ಇರುವ ಉದ್ದ) ಗೇಜ್ ಹಾಕಿ ನಿನ್ನ ಕಣ್ಣ ಮುಂದೆ ತೋರಿಸಲಿ. ಗೋ ಗೇಜ್‌ಗೆ ಬೋಲ್ಟ್ ಮುಚ್ಚಬೇಕು, ನೋಗೋ ಗೇಜ್‌ಗೆ ಮುಚ್ಚಬಾರದು.

ಟ್ರಿಗರ್ 3 ಪೌಂಡ್‌ಗಿಂತ ಕಡಿಮೆ ಇಡಿಸಬೇಡ. ನೀನು ಹೊಡೆಯುವುದು ಗ್ಲೌಸ್ ಹಾಕಿದ ಬೆರಳಿನಿಂದ. ಮತ್ತೆ ಬೋಲ್ಟ್ ಒಳಗಿನ ಹಳೆಯ ಗ್ರೀಸ್ ಎಲ್ಲ ತೊಳೆಸಿಬಿಡು. ಚಳಿಗೆ ಅದು ಅಂಟಾಗಿ ಫೈರಿಂಗ್ ಪಿನ್ ನಿಧಾನ ಆಗುತ್ತದೆ.

ಸಕಲೇಶಪುರ_ಬಾಯ್ಸಿ

ಸರ್, ಆ 0.700 ಇಂಚಿನ ವಿಷಯ ನನಗೂ ಗೊತ್ತಿರಲಿಲ್ಲ. ನನ್ನ ಟಿಕ್ಕಾ ತುದಿ ಅಳೆದೆ, ತೆಳ್ಳಗಿದೆ. ಸಪ್ರೆಸರ್ ಆಸೆ ಈ ರೈಫಲ್‌ನಲ್ಲಿ ಬಿಟ್ಟೆ.

ಅಣ್ಣಾ, ಮುಗಿದ ಮೇಲೆ ಖರ್ಚು ಎಷ್ಟಾಯಿತು ಅಂತ ಬರೆಯಿರಿ. ಎರಡನೇ ಈಡಿನ ಕಥೆ ಏನಾಯಿತು ಅಂತಲೂ.

ಎಡಗೈ_ವಿರಾಜಪೇಟೆ | ಆಗಸ್ಟ್

ಏಳು ತಿಂಗಳಾಯಿತು. ಬರೆಯಿರಿ ಅಂದಿದ್ದಿರಿ, ಬರೆಯುತ್ತಿದ್ದೇನೆ.

ಮೂರು ಗನ್‌ಸ್ಮಿತ್‌ಗಳಿಗೆ ಜಾಲಹಳ್ಳಿ ಸರ್ ಹೇಳಿದ ಪ್ರಶ್ನೆ ಕೇಳಿದೆ. ಒಬ್ಬರು ಉತ್ತರ ಕೊಡಲು ಇಷ್ಟಪಡಲಿಲ್ಲ. ಇನ್ನೊಬ್ಬರು ಹೊರಮೈ ನೋಡಿ ಮಾಡುವವರು. ಮೂರನೆಯವರು ಲೇತ್ ಹತ್ತಿರ ಕರೆದುಕೊಂಡು ಹೋಗಿ, ಬ್ಯಾರೆಲ್ ಒಳಗೆ ಹೋಗುವ ಉದ್ದನೆಯ ಗೇಜ್ ಕಡ್ಡಿ ತೋರಿಸಿದರು. ಅವರಿಗೇ ಕೊಟ್ಟೆ. ನನ್ನದೇ ರೈಫಲ್ ಆದ್ದರಿಂದ ಕೆಲಸ ಮುಗಿದ ಮೇಲೆ ನೇರವಾಗಿ ನನ್ನ ಕೈಗೇ ಬಂತು.

ಆಕ್ಷನ್ ಸರಿ ಮಾಡಿ ಹೊಸ ಲಗ್ ಹಾಕಲು 325 ಡಾಲರ್. ಕಟ್ ರೈಫ್ಲಿಂಗ್ ಬ್ಯಾರೆಲ್ 395. ಚೇಂಬರ್, ತುದಿಯ ಥ್ರೆಡ್, ಕೂರಿಸುವುದು 375. ಸ್ಟಾಕಿಗೆ ಬೆಡ್ಡಿಂಗ್ (ಆಕ್ಷನ್ ಅಲುಗದಂತೆ ಕೂರಿಸುವುದು) 175. ಟಿಮ್ನಿ ಟ್ರಿಗರ್ 160. ಒಟ್ಟು 1,430. ತೂಕ ಸ್ಕೋಪ್ ಸೇರಿ 8 ಪೌಂಡ್ 11 ಔನ್ಸ್. ನಾನು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಜಾಸ್ತಿ. ದಪ್ಪ ತುದಿಗೆ ಕೊಟ್ಟ ಬೆಲೆ ಅದು, ಬೇಸರ ಇಲ್ಲ. ಜೂನ್‌ನಿಂದ ಆ ತೂಕ ಹೊತ್ತು ವಾರಕ್ಕೆ ಎರಡು ಸಲ ಗುಡ್ಡ ಹತ್ತುತ್ತಿದ್ದೇನೆ.

165 ಗ್ರೇನ್ ತಾಮ್ರದ ಗುಂಡಿನಲ್ಲಿ ಐದೈದು ಈಡಿನ ನಾಲ್ಕು ಗ್ರೂಪ್ ಹೊಡೆದೆ. 0.7, 0.9, 0.8, 1.1 ಇಂಚು. ಕೊನೆಯದು ಬ್ಯಾರೆಲ್ ಬಿಸಿ ಇದ್ದಾಗ. ಖಾಲಿ ತೋಟಾಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಎಲ್ಲೂ ಒಂದು ಕಡೆ ಉಬ್ಬಿಲ್ಲ, ಸರ್.

ಅಕ್ಕಾ, ಎರಡನೇ ಈಡಿನ ಬಗ್ಗೆ. ಈ ಸಲದ ಬೇಟೆಯ ಟ್ಯಾಗ್ (ಪರವಾನಗಿ ಚೀಟಿ) ಬಂದಿದೆ. ದಿನಾ ರಾತ್ರಿ ಮಕ್ಕಳು ಮಲಗಿದ ಮೇಲೆ ನಿಜವಾದ ತೋಟಾ ಎಲ್ಲ ಬೇರೆ ಕೋಣೆಯಲ್ಲಿ ಬೀಗ ಹಾಕಿ, ಎರಡು ಸಲ ಚೇಂಬರ್ ನೋಡಿ, ಡಮ್ಮಿ ತೋಟಾ ಹಾಕಿಕೊಂಡು ಬೇಸ್‌ಮೆಂಟ್‌ನಲ್ಲಿ ಅಭ್ಯಾಸ ಮಾಡುತ್ತೇನೆ. ಗೋಡೆ ಮೇಲೆ ಒಂದು ಕಪ್ಪು ಚುಕ್ಕೆ. ಟ್ರಿಗರ್ ಒತ್ತು, ಬೋಲ್ಟ್ ಎಳೆ, ಮುಚ್ಚು, ಮತ್ತೆ ಚುಕ್ಕೆ. ಕೆನ್ನೆ ಸ್ಟಾಕ್ ಬಿಡಬಾರದು. ಶುರುವಿನಲ್ಲಿ ನನ್ನ ಎಡಗೈ ತಾನಾಗಿ ಬಲಗಡೆ ಬೋಲ್ಟ್ ಹುಡುಕುತ್ತಿತ್ತು. ಇಪ್ಪತ್ತು ವರ್ಷದ ಅಭ್ಯಾಸ. ಅದು ಬಿಡಲು ಮೂರು ವಾರ ಹಿಡಿಯಿತು. ಮೊನ್ನೆ ಹೆಂಡತಿ ಫೋನಿನಲ್ಲಿ ಸಮಯ ನೋಡಿದಳು. ಒಂದೂವರೆ ಸೆಕೆಂಡ್, ಚುಕ್ಕೆ ಸ್ಕೋಪಿನಿಂದ ಆಚೆ ಹೋಗಲಿಲ್ಲ.